ಗೊರಸಿನ ಸಮತೆ: ಕುದುರೆ-ಎತ್ತುಗಳಿಗೆ ಲಾಳ ಕಟ್ಟಿಸುವವರು ಅರಿತಿರಬೇಕಾದುದು

‘ಕುದುರೆ ಕಂಡರೆ ಕಾಲು ನೋವು’ ಎಂಬ ಗಾದೆಯನ್ನು ಬಲ್ಲವರು ಅನೇಕರು. ಕುದುರೆಗೇ ಕಾಲು ನೋವಾದಾಗ ಅದನ್ನು ಗುರುತಿಸಬಲ್ಲವರು ವಿರಳ. ಮಾತು ಬಾರದ ಪ್ರಾಣಿ ತನ್ನ ವೇದನೆಯನ್ನು ನಡಿಗೆಯ ಮೂಲಕವಲ್ಲದೆ ಬೇರಾವ ಪರಿಯಿಂದ ತಿಳಿಸೀತು? ಆದರೆ ಅದು ಎಡವಿದಾಗ ಕಣ್ಣು ಮಂದವಾಯಿತೆಂದೂ, ಹೆಜ್ಜೆ ಕಿರಿದಾದಾಗ ಸೋಮಾರಿಯಾಯಿತೆಂದೂ, ಓಡಲೊಲ್ಲದಿದ್ದಾಗ ಹಟ ಹಿಡಿಯಿತೆಂದೂ ಭಾವಿಸಿ ಬಾರುಕೋಲನ್ನೆತ್ತುವ ಯಜಮಾನನು, ಆ ಬಾರುಕೋಲನ್ನು ಕೆಳಗಿಟ್ಟು ಒಮ್ಮೆ ಅದರ ಪಾದವನ್ನೆತ್ತಿ ನೋಡಿದನಾದರೆ, ದೋಷದ ಮೂಲವು ಎಷ್ಟೋ ಸಂದರ್ಭಗಳಲ್ಲಿ ಗೊರಸಿನಲ್ಲಿಯೋ, ಅದಕ್ಕೆ ಬಡಿದ ಲಾಳದಲ್ಲಿಯೋ ಅಡಗಿರುವುದು ಗೋಚರವಾಗುತ್ತದೆ.

ಗದಗ-ಬೆಟಗೇರಿಯ ಬೀದಿಗಳಲ್ಲಿ ಟಾಂಗಾಗಳ ಕಾಲ ಸಂದುಹೋಯಿತು. ಆದರೂ ಕುದುರೆ ಈ ಸೀಮೆಯನ್ನು ತೊರೆದಿಲ್ಲ. ಮದುವೆಯ ಮೆರವಣಿಗೆಗೆ ಬಾಡಿಗೆಗೆ ಒದಗುವ ಕುದುರೆಗಳುಂಟು. ಕುರಿಹಿಂಡಿನೊಡನೆ ಊರಿಂದೂರಿಗೆ ಸಾಗುವ ಕುರುಬರ ಗಂಟುಮೂಟೆಗಳನ್ನೂ ಎಳೆಯ ಮರಿಗಳನ್ನೂ ಹೊರುವ ತಟ್ಟುಗಳುಂಟು. ಇನ್ನು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹಳ್ಳಿಗಳಲ್ಲಿ ಟ್ರ್ಯಾಕ್ಟರಿನ ಜೊತೆಯಲ್ಲಿಯೇ ಎತ್ತಿನ ಗಾಡಿಯೂ ಉಳಿದುಬಂದಿದೆ. ಕಾರಹುಣ್ಣಿಮೆಗೂ ಜಾತ್ರೆಯ ಖಾಲಿ ಗಾಡಾ ಸ್ಪರ್ಧೆಗೂ ಎತ್ತುಗಳನ್ನು ಅಕ್ಕರೆಯಿಂದ ಮೇಯಿಸುವವರೂ ಇದ್ದಾರೆ. ಇವರೆಲ್ಲರಿಗೂ ಆಗಾಗ ಲಾಳ ಕಟ್ಟುವ ನಾಲಬಂದನ ಬಳಿಗೆ ಹೋಗುವ ಪ್ರಸಂಗ ಬರುತ್ತದೆ. ಅಂಥ ಗೃಹಸ್ಥರಿಗಾಗಿ ಈ ಲೇಖನ. ಇದರಲ್ಲಿ ಪ್ರತಿಪಾದಿಸಬೇಕೆಂದಿರುವ ಮುಖ್ಯ ಸಂಗತಿ ಒಂದೇ: ಲಾಳವು ಕೆಟ್ಟ ಗೊರಸನ್ನು ನೆಟ್ಟಗೆ ಮಾಡಲಾರದು, ಕೆತ್ತಿ ಸಮಗೊಳಿಸಿದ ಗೊರಸಿನ ಸಮತೆಯನ್ನು ಕೆಲವು ವಾರಗಳ ಕಾಲ ಕಾಯ್ದುಕೊಡುವುದಷ್ಟೇ ಅದರ ಕೆಲಸ. ಆದುದರಿಂದ ಲಾಳದ ವಿಚಾರಕ್ಕಿಂತ ಮೊದಲು ಗೊರಸಿನ ವಿಚಾರ ನಡೆಯತಕ್ಕದ್ದು.

ಪಶುಗಳ ಶರೀರವನ್ನು ಕುರಿತ ಇಂಥ ವಿಚಾರ ಕನ್ನಡಿಗರಿಗೆ ಹೊಸತೇನೂ ಅಲ್ಲ. ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ಚಾಲುಕ್ಯ ವಂಶದ ಕೀರ್ತಿವರ್ಮನು ‘ಗೋವೈದ್ಯ’ವನ್ನು ರಚಿಸಿದನು, ಮುಂದೆ ಅಭಿನವಚಂದ್ರನು ‘ಅಶ್ವವೈದ್ಯ’ವನ್ನು ಬರೆದನು. ಲಕ್ಷ್ಮೇಶ್ವರವು ಪುಲಿಗೆರೆಯೆಂದು ಖ್ಯಾತವಾಗಿದ್ದ ಕಾಲದಿಂದಲೂ ಕುದುರೆಯ ಮತ್ತು ಎತ್ತಿನ ಕಾಲುಗಳ ಮೇಲೆ ಇಲ್ಲಿಯ ವ್ಯಾಪಾರ, ಕೃಷಿ, ಯುದ್ಧಗಳು ನಿಂತಿದ್ದವು.

ಗೊರಸಿನ ರಚನೆ

ಹೊರಗಿನಿಂದ ನೋಡುವಾಗ ಗೊರಸು ಒಂದು ಜಡವಾದ ಕೊಂಬಿನ ತುಂಡಿನಂತೆ ತೋರುವುದಾದರೂ ಅದರೊಳಗೆ ಅಸ್ಥಿಗಳೂ, ಸ್ನಾಯುರಜ್ಜುಗಳೂ, ನರಗಳೂ, ಸಮೃದ್ಧವಾದ ರಕ್ತನಾಳಗಳೂ ಇವೆ. ಹೊರಗಿನ ಗಟ್ಟಿಯಾದ ಗೋಡೆಯು ನಮ್ಮ ಉಗುರನ್ನು ನಿರ್ಮಿಸಿರುವ ಕೆರಾಟಿನ್ ಎಂಬ ದ್ರವ್ಯದಿಂದಲೇ ಆದುದು, ಅದಕ್ಕೆ ಸ್ಪರ್ಶಜ್ಞಾನವಿಲ್ಲ. ಪಾದವನ್ನೆತ್ತಿ ತಳಭಾಗವನ್ನು ತೊಳೆದು ನೋಡಿದರೆ ಗೋಡೆಯ ಒಳ ಅಂಚಿನಲ್ಲಿ ಗೋಡೆಯನ್ನೂ ತಳವನ್ನೂ ಬೆಸೆಯುವ ಒಂದು ತೆಳುವಾದ ಬಿಳಿಯ ಗೆರೆ ಕಾಣುತ್ತದೆ. ಲಾಳ ಬಡಿಯುವವನಿಗೆ ಇದೇ ಲಕ್ಷ್ಮಣರೇಖೆ. ಈ ಗೆರೆಯ ಹೊರಗೆ ಮೊಳೆ ಹೊಕ್ಕರೆ ಪ್ರಾಣಿಗೆ ಅದರ ಅರಿವೇ ಆಗದು. ಒಳಗೆ ಹೊಕ್ಕಿತೆಂದರೆ ಅದು ಸಜೀವ ಮಾಂಸಕ್ಕೆ ತಗುಲಿತೆಂದೇ ಅರ್ಥ.

ತಳದ ಹಿಂಭಾಗದಲ್ಲಿ, ಎರಡು ಹಿಮ್ಮಡಿಗಳ ನಡುವೆ, ಮುಂದಕ್ಕೆ ಚೂಪಾಗುತ್ತ ಹೋಗುವ ಒಂದು ತ್ರಿಕೋನಾಕಾರದ ಮೆತ್ತೆಯಿದೆ. ಕುದುರೆ ಭಾರವೂರಿದಾಗ ಹಿಮ್ಮಡಿಗಳು ಅತ್ತಿತ್ತ ಕೊಂಚ ಅಗಲವಾಗಿ, ಎತ್ತಿದಾಗ ಮತ್ತೆ ಸಂಕುಚಿತವಾಗುತ್ತವೆ. ಈ ಸಂಕೋಚ-ವಿಕಾಸಗಳಲ್ಲಿ ಮೆತ್ತೆಯೂ ಪಾಲ್ಗೊಂಡು ಹೆಜ್ಜೆಯ ಆಘಾತವನ್ನು ಹೀರುತ್ತದೆ, ರಕ್ತದ ಸಂಚಾರಕ್ಕೂ ನೆರವಾಗುತ್ತದೆ. ಹಿಮ್ಮಡಿಯ ತುದಿಯವರೆಗೆ ಮೊಳೆ ಬಡಿದು ಈ ಚಲನೆಯನ್ನು ಬಂಧಿಸಬಾರದೆಂಬ ನಿಯಮದ ಕಾರಣವೂ ಇದೇ.

ಕುದುರೆಯ ಗೋಡೆ ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರಿನಷ್ಟು ಬೆಳೆಯುತ್ತದೆ. ಚರ್ಮದ ಅಂಚಿನಲ್ಲಿ ಹುಟ್ಟಿದ ಭಾಗವು ಮುಂತುದಿಯಲ್ಲಿ ನೆಲ ಮುಟ್ಟಬೇಕಾದರೆ 9ರಿಂದ 12 ತಿಂಗಳು ಬೇಕು. ಇಂದು ಕೆಡಿಸಿದ ಗೊರಸು ನಾಳೆಯೇ ನೆಟ್ಟಗಾಗದೆಂಬುದಕ್ಕೆ ಈ ಲೆಕ್ಕವೇ ಸಾಕ್ಷಿ. ದೇಹಭಾರದಲ್ಲಿ ನೂರಕ್ಕೆ ಸುಮಾರು 60 ಭಾಗವನ್ನು ಮುಂಗಾಲುಗಳು ಹೊರುವುದರಿಂದ ಗೊರಸಿನ ತೊಂದರೆಗಳೂ ಮುಂಗಾಲುಗಳಲ್ಲಿಯೇ ಅಧಿಕ.

ಸಮತೆಯನ್ನು ಪರೀಕ್ಷಿಸುವ ಕ್ರಮ

ಸಮತೆಯನ್ನು ಎರಡು ದಿಕ್ಕುಗಳಿಂದ ನೋಡಬೇಕು. ಮೊದಲನೆಯದು ಮುಂತುದಿ-ಹಿಮ್ಮಡಿಗಳ ಸಮತೆ. ಕುದುರೆಯನ್ನು ಗಟ್ಟಿಯಾದ ಸಮತಟ್ಟು ನೆಲದ ಮೇಲೆ ನಾಲ್ಕು ಕಾಲುಗಳಲ್ಲಿಯೂ ಭಾರ ಸಮನಾಗಿ ಬೀಳುವಂತೆ ನಿಲ್ಲಿಸಿ, ಐದಾರು ಹೆಜ್ಜೆ ದೂರದಲ್ಲಿ ಪಕ್ಕದಲ್ಲಿ ಕುಳಿತು, ಗೊರಸಿನ ಮೇಲಣ ಗಂಟಿನಿಂದ ಕೆಳಗಿಳಿಯುವ ಇಳಿಜಾರನ್ನೂ ಗೊರಸಿನ ಮುಂಗೋಡೆಯ ಇಳಿಜಾರನ್ನೂ ಹೋಲಿಸಿ ನೋಡಿ. ಇವೆರಡೂ ಮುರಿವಿಲ್ಲದೆ ಒಂದೇ ರೇಖೆಯಾಗಿ ಹರಿದರೆ ಸಮತೆಯಿದೆಯೆನ್ನಬಹುದು. ಮುಂಗಾಲಿನ ಗೊರಸು ನೆಲದೊಡನೆ ಸಾಮಾನ್ಯವಾಗಿ 50ರಿಂದ 55 ಡಿಗ್ರಿಗಳ ಕೋನವನ್ನು ಮಾಡುತ್ತದೆ. ಹಿಂಗಾಲಿನದು ತುಸು ಹೆಚ್ಚು ಕಡಿದಾಗಿರುತ್ತದೆ. ಆದರೆ ಅಂಕಿಗಿಂತಲೂ ರೇಖೆ ಮುಖ್ಯ; ಏಕೆಂದರೆ ಪ್ರತಿಯೊಂದು ಪ್ರಾಣಿಯ ಮೈಕಟ್ಟೂ ಬೇರೆ. ರೇಖೆಯು ಗೊರಸಿನ ಬಳಿ ಹಿಂದಕ್ಕೆ ಮುರಿದಿದ್ದರೆ ಮುಂತುದಿ ಉದ್ದವಾಗಿ ಹಿಮ್ಮಡಿ ತಗ್ಗಿದೆಯೆಂದೂ, ಮುಂದಕ್ಕೆ ಮುರಿದಿದ್ದರೆ ಹಿಮ್ಮಡಿ ಅತಿಯಾಗಿ ಎತ್ತರವಾಗಿದೆಯೆಂದೂ ತಿಳಿಯಬೇಕು.

ಎರಡನೆಯದು ಎಡ-ಬಲಗಳ ಸಮತೆ. ಎದುರಿಗೆ ನಿಂತು ನೋಡುವಾಗ ಕೂದಲಂಚಿನ ರೇಖೆ ನೆಲಕ್ಕೆ ಸಮಾನಾಂತರವಾಗಿದೆಯೆ? ಪಾದವನ್ನೆತ್ತಿ ಹಿಂದಿನಿಂದ ನೋಡುವಾಗ ಎರಡು ಹಿಮ್ಮಡಿಗಳ ಎತ್ತರವೂ ಒಂದೇ ಆಗಿದೆಯೆ? ತೆಗೆದ ಹಳೆಯ ಲಾಳವನ್ನು ಎಸೆಯುವ ಮುನ್ನ ಒಮ್ಮೆ ಅಂಗೈಯಲ್ಲಿ ಹಿಡಿದು ನೋಡಿ: ಚಪ್ಪಲಿಯ ಹಿಮ್ಮಡಿಯ ಸವೆತದಿಂದ ನಡೆಯುವವನ ರೀತಿ ತಿಳಿಯುವಂತೆ, ಲಾಳದ ಯಾವ ತೋಳು ತೆಳುವಾಗಿದೆಯೆಂಬುದರಿಂದ ಕುದುರೆ ಯಾವ ಮಗ್ಗುಲಿಗೆ ಭಾರ ಹಾಕಿ ನಡೆದಿದೆಯೆಂಬುದು ತಿಳಿಯುತ್ತದೆ. ಗೋಡೆಯ ಮೇಲಿನ ಉಂಗುರದಂಥ ಗೆರೆಗಳು ಒಂದು ಕಡೆ ಒತ್ತಾಗಿ ಇನ್ನೊಂದು ಕಡೆ ವಿರಳವಾಗಿದ್ದರೆ, ಆ ಗೊರಸು ಬಹಳ ದಿನಗಳಿಂದ ಅಸಮವಾಗಿ ಬೆಳೆಯುತ್ತಿದೆಯೆಂಬುದಕ್ಕೆ ಅದೂ ಸಾಕ್ಷಿ.

ನಡಿಗೆಯಲ್ಲಿ ದೋಷವನ್ನು ಕಾಣುವುದು

ನಿಂತ ಕುದುರೆಯನ್ನು ನೋಡಿದ ಬಳಿಕ ನಡೆಯುವ ಕುದುರೆಯನ್ನು ನೋಡಬೇಕು. ಒಬ್ಬರು ಹಗ್ಗವನ್ನು ಸಡಿಲವಾಗಿ ಹಿಡಿದು ನೇರವಾಗಿ ನಡೆಸಲಿ, ಅನಂತರ ಕುಕ್ಕುಲೋಟದಲ್ಲಿ ಓಡಿಸಲಿ; ಇನ್ನೊಬ್ಬರು ಎದುರಿನಿಂದಲೂ ಹಿಂದಿನಿಂದಲೂ ಪಕ್ಕದಿಂದಲೂ ನೋಡಲಿ. ಹಗ್ಗವನ್ನು ಬಿಗಿಹಿಡಿದರೆ ತಲೆಯ ಚಲನೆ ಮುಚ್ಚಿಹೋಗುತ್ತದೆ. ಪರೀಕ್ಷೆಯ ಪ್ರಯೋಜನವೂ ಅಲ್ಲಿಗೆ ಮುಗಿಯುತ್ತದೆ. ನೋಯುವ ಮುಂಗಾಲು ನೆಲಕ್ಕೆ ತಗುಲಿದ ಕ್ಷಣದಲ್ಲಿ ಕುದುರೆ ತಲೆಯನ್ನು ಮೇಲಕ್ಕೆತ್ತುತ್ತದೆ, ನೆಟ್ಟಗಿರುವ ಕಾಲು ಊರಿದಾಗ ತಗ್ಗಿಸುತ್ತದೆ. ತಲೆ ತಗ್ಗಿದ ಕಡೆಯ ಕಾಲೇ ನೋಯುತ್ತಿದೆಯೆಂದು ಭಾವಿಸಿ ಒಳ್ಳೆಯ ಕಾಲಿಗೆ ಉಪಚಾರ ಮಾಡುವವರಿದ್ದಾರಾದುದರಿಂದ ಈ ಮಾತನ್ನು ಚೆನ್ನಾಗಿ ನೆನಪಿಡಬೇಕು. ಹಿಂಗಾಲಿನ ನೋವಾದರೆ ಆ ಕಡೆಯ ಸೊಂಟ ಹೆಚ್ಚು ಮೇಲೇರಿ ಇಳಿಯುತ್ತದೆ.

ಕುಂಟಿಲ್ಲದಿದ್ದರೂ ನಡಿಗೆಯಲ್ಲಿ ವಕ್ರತೆ ಇರಬಹುದು. ಗೊರಸಿನ ಮುಂತುದಿ ಒಳಮುಖವಾಗಿರುವ ಕುದುರೆ ಹೆಜ್ಜೆಯನ್ನು ಹೊರಕ್ಕೆ ಬೀಸಿ ಇಡುತ್ತದೆ. ಹೊರಮುಖವಾಗಿರುವುದು ಒಳಕ್ಕೆ ಬೀಸುತ್ತದೆ. ಈ ಎರಡನೆಯದರಲ್ಲಿ ಒಂದು ಕಾಲಿನ ಲಾಳ ಇನ್ನೊಂದು ಕಾಲಿನ ಗಂಟಿನ ಒಳಮಗ್ಗುಲಿಗೆ ಉಜ್ಜುವುದುಂಟು. ಆ ಸ್ಥಳದಲ್ಲಿ ಕೂದಲು ಉದುರಿದೆಯೆ, ತರಚಿದ ಗಾಯವಿದೆಯೆ ಎಂದು ನೋಡಬೇಕು. ಕಿವಿಯೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗಟ್ಟಿ ನೆಲದ ಮೇಲೆ ನಾಲ್ಕು ಗೊರಸುಗಳ ಸದ್ದೂ ಸಮನಾಗಿ ಕೇಳಬೇಕು. ಒಂದು ಮಂದವಾಗಿದ್ದರೆ ಆ ಪಾದವನ್ನು ಕುದುರೆ ಹಗುರಾಗಿ ಇಡುತ್ತಿದೆ. ಓಡುವಾಗ ‘ಟಕ್ ಟಕ್’ ಎಂದು ಕಬ್ಬಿಣಕ್ಕೆ ಕಬ್ಬಿಣ ತಗುಲುವ ಸದ್ದು ಬಂದರೆ, ಹಿಂಗಾಲಿನ ಲಾಳ ಮುಂಗಾಲಿನ ಲಾಳಕ್ಕೆ ಬಡಿಯುತ್ತಿದೆಯೆಂದು ತಿಳಿಯಬೇಕು.

ದೋಷಗಳೂ ಅವುಗಳ ಕಾರಣಗಳೂ

ಸರ್ವಸಾಮಾನ್ಯವಾದ ದೋಷವೆಂದರೆ ಮುಂತುದಿ ಉದ್ದವಾಗಿ ಹಿಮ್ಮಡಿ ಕುಸಿಯುವುದು. ಲಾಳ ಕಟ್ಟಿದ ಗೊರಸಿನಲ್ಲಿ ಇದು ತಾನಾಗಿಯೇ ಸಂಭವಿಸುವ ಕ್ರಮವನ್ನು ಗಮನಿಸಬೇಕು. ಮೊಳೆಗಳಿಂದ ಬಂಧಿತವಾದ ಮುಂತುದಿ ಲಾಳದ ಮೇಲೆ ಸವೆಯುವುದಿಲ್ಲ; ಮೊಳೆಯಿಲ್ಲದ ಹಿಮ್ಮಡಿಯಾದರೋ ಪ್ರತಿ ಹೆಜ್ಜೆಯಲ್ಲಿಯೂ ಅಗಲವಾಗಿ ಸಂಕುಚಿತವಾಗುತ್ತ ಕಬ್ಬಿಣಕ್ಕೆ ಉಜ್ಜಿ ಕೊಂಚಕೊಂಚವಾಗಿ ಸವೆಯುತ್ತದೆ. ಹೀಗೆ ದಿನ ಕಳೆದಂತೆ ಮುಂದೆ ಬೆಳವಣಿಗೆ, ಹಿಂದೆ ಸವೆತ. ಮುಂತುದಿ ಉದ್ದವಾದಷ್ಟೂ ಗೊರಸು ನೆಲದಿಂದ ಮಗುಚಿ ಮೇಲೇಳುವುದು ತಡವಾಗುತ್ತದೆ. ಕಾಲಿನ ಹಿಂಭಾಗದ ಸ್ನಾಯುರಜ್ಜುವಿಗೂ ಗೊರಸಿನೊಳಗೆ ಅದು ಹಾದುಹೋಗುವ ಚಿಕ್ಕ ಅಸ್ಥಿಗೂ ಒತ್ತಡ ಹೆಚ್ಚುತ್ತದೆ. ಎಡವುವುದು, ಹೆಜ್ಜೆ ಮೊಟಕಾಗುವುದು, ಹಿಂಗಾಲು ಮುಂಗಾಲಿಗೆ ಬಡಿಯುವುದು ಇವೆಲ್ಲಕ್ಕೂ ಇದೇ ಮೂಲ.

ಲಾಳ ಸವೆಯುವವರೆಗೆ ನಾಲಬಂದನ ಮುಖವನ್ನೇ ನೋಡದಿರುವುದು ಈ ದೋಷವನ್ನು ಪೋಷಿಸುವ ರೂಢಿ. ಸಂತೆಯ ದಿನ ಬೇವಿನ ಮರದ ಕೆಳಗೆ ಅಡಿಗಲ್ಲು ಹೂಡಿ ಕುಳಿತ ವೃದ್ಧ ನಾಲಬಂದನ ಮುಂದೆ ರೈತನೊಬ್ಬನು ಕುದುರೆ ನಿಲ್ಲಿಸಿ, “ಚಾಚಾ, ನಾಲ ಇನ್ನೂ ಸವದಿಲ್ಲ, ಮತ್ಯಾಕ ಎಡವತೈತಿ?” ಎಂದು ಕೇಳಿದ. ನಾಲಬಂದನು ಪಾದವನ್ನೆತ್ತಿ ಎರಡು ಮೊಣಕಾಲುಗಳ ನಡುವೆ ಇರಿಸಿಕೊಂಡು, ಲಾಳದ ಮುಂದೆ ಚಾಚಿದ್ದ ಗೊರಸಿನ ಅಂಚನ್ನು ಹೆಬ್ಬೆರಳಿನಿಂದ ತೋರಿಸಿ, “ನಾಲ ಸವದಿಲ್ಲ, ಖರೆ ಐತ್ರಿ ಗೌಡ್ರ. ಆದ್ರ ಗೊರಸು ಬೆಳದೈತಲ್ರಿ. ಇದನ್ನ ತಗದು, ಗೊರಸು ಸಮ ಮಾಡಿ, ಮತ್ತ ಇದ ನಾಲ ಬಡೀತೀನಿ. ಹೊಸಾ ನಾಲಿನ ರೊಕ್ಕ ಉಳೀತು ನಿಮಗ” ಎಂದ. ಶಾಸ್ತ್ರವೆಲ್ಲ ಈ ಮಾತಿನಲ್ಲಿಯೇ ಅಡಕವಾಗಿದೆ. ಕುದುರೆಗೆ 4ರಿಂದ 8 ವಾರಗಳೊಳಗೆ, ಸಾಮಾನ್ಯವಾಗಿ 6 ವಾರಕ್ಕೊಮ್ಮೆ, ಲಾಳ ತೆಗೆದು ಗೊರಸನ್ನು ಕೆತ್ತಿಸಲೇಬೇಕು. ಲಾಳ ಗಟ್ಟಿಯಿದ್ದರೆ ಅದನ್ನೇ ಮರಳಿ ಕಟ್ಟಬಹುದು.

ಎರಡನೆಯ ದೋಷ ಒಂದು ಮಗ್ಗುಲು ಎತ್ತರವಾಗಿ ಉಳಿಯುವುದು. ನೆಲಕ್ಕೆ ಮೊದಲು ತಗುಲುವ ಆ ಮಗ್ಗುಲಿನ ಮೇಲೆ ಆಘಾತವೆಲ್ಲ ಬಿದ್ದು, ಕೂದಲಂಚು ಅಲ್ಲಿ ಮೇಲಕ್ಕೆ ತಳ್ಳಲ್ಪಡುತ್ತದೆ, ಗೋಡೆ ಸೀಳುತ್ತದೆ, ಎರಡು ಹಿಮ್ಮಡಿಗಳೂ ಒಂದಕ್ಕೊಂದು ಹೊಂದದೆ ಬೇರ್ಪಡುತ್ತವೆ. ಕಾಲಾಂತರದಲ್ಲಿ ಸಂಧಿಗಳೂ ಕೆಡುತ್ತವೆ. ಕೆತ್ತುವವನು ತನ್ನ ಬಲಗೈಯ ಅನುಕೂಲಕ್ಕೆ ತಕ್ಕಂತೆ ಅರವನ್ನು ಒಂದೇ ಕಡೆ ಹೆಚ್ಚು ಒತ್ತಿ ಉಜ್ಜುವುದರಿಂದಲೂ ಈ ಅಸಮತೆ ಉಂಟಾಗಬಹುದು. ಪ್ರತಿ ಬಾರಿಯೂ ಪಾದವನ್ನು ಕೆಳಗಿಡಿಸಿ, ದೂರ ಸರಿದು ನೋಡಿ, ಮತ್ತೆ ಕೆತ್ತುವ ಸಂಯಮವೇ ಇದಕ್ಕೆ ಪರಿಹಾರ.

ಮೂರನೆಯದು ಲಾಳಕ್ಕೆ ತಕ್ಕಂತೆ ಗೊರಸನ್ನು ಉಜ್ಜುವುದು. ಸಿದ್ಧವಾಗಿ ದೊರೆಯುವ ಲಾಳಗಳನ್ನು ಕಾಯಿಸದೆ ತಣ್ಣಗೇ ಕಟ್ಟುವಾಗ, ಅಳತೆ ಚಿಕ್ಕದಾದರೆ ಅದನ್ನು ಬಡಿದು ಅಗಲಿಸುವ ಶ್ರಮಕ್ಕಿಂತ ಹೊರಚಾಚಿದ ಗೊರಸನ್ನು ಅರದಿಂದ ತೆಗೆದುಬಿಡುವುದು ಸುಲಭ. ನೋಟಕ್ಕೆ ಅಂದವಾಗಿ ಕಂಡರೂ ಇದರಿಂದ ಗೋಡೆ ತೆಳುವಾಗುತ್ತದೆ, ಮೊಳೆಗೆ ಹಿಡಿತವಿಲ್ಲದಾಗುತ್ತದೆ, ಹಿಮ್ಮಡಿ ಆಧಾರವಿಲ್ಲದೆ ಲಾಳದ ಹಿಂದೆ ಜೋಲುತ್ತದೆ.

ನಾಲ್ಕನೆಯದು ಮೊಳೆಯ ದೋಷ. ಮೊಳೆ ಮಾಂಸಕ್ಕೆ ಚುಚ್ಚಿದರೆ ಕುದುರೆ ಆ ಕ್ಷಣವೇ ಕಾಲನ್ನು ಸೆಳೆದುಕೊಳ್ಳುತ್ತದೆ. ತೆಗೆದ ಮೊಳೆಯ ಮೇಲೆ ರಕ್ತವೋ ತೇವವೋ ಕಾಣುತ್ತದೆ. ಹಾಗಾದರೆ ಆ ರಂಧ್ರಕ್ಕೆ ಟಿಂಕ್ಚರ್ ಅಯೋಡಿನ್ ಹಾಕಿ, ಅಲ್ಲಿ ಮತ್ತೆ ಮೊಳೆ ಬಡಿಯದೆ ಬಿಡಬೇಕು. ಚುಚ್ಚದೆ ಕೇವಲ ಒತ್ತಿಕೊಂಡು ಹೋದ ಮೊಳೆಯಾದರೋ ಅಂದು ಏನನ್ನೂ ತೋರಗೊಡದೆ, ಒಂದೆರಡು ದಿನಗಳಲ್ಲಿ ಕುಂಟನ್ನು ತರುತ್ತದೆ. ಸಣ್ಣ ಸುತ್ತಿಗೆಯಿಂದ ಒಂದೊಂದೇ ಮೊಳೆಯ ತಲೆಯನ್ನು ಮೆಲ್ಲಗೆ ತಟ್ಟುತ್ತ ಹೋದರೆ, ದೋಷವಿರುವ ಮೊಳೆಯ ಬಳಿ ಪ್ರಾಣಿ ಬೆದರುತ್ತದೆ. ಅದೊಂದನ್ನು ತೆಗೆದರೆ ಬಹುಶಃ ಅಲ್ಲಿಗೆ ನೋವು ಶಮನವಾಗುತ್ತದೆ.

ಲಾಳ ಕಟ್ಟುವಾಗ ಯಜಮಾನನು ನೋಡಬೇಕಾದುದು

ನಾಲಬಂದನ ಕೈಚಳಕ ನಮಗಿಲ್ಲದಿರಬಹುದು. ಆದರೆ ಕೆಲಸ ಸರಿಯಾಯಿತೇ ಎಂದು ಪರಿಶೀಲಿಸುವ ಕಣ್ಣು ಪ್ರತಿ ಯಜಮಾನನಿಗೂ ಇರಬೇಕು. ಹಳೆಯ ಮೊಳೆಗಳ ಮಡಚಿದ ತುದಿಗಳನ್ನು ಮೊದಲು ನೆಟ್ಟಗೆ ಮಾಡಿ ಅನಂತರ ಲಾಳವನ್ನು ಎಬ್ಬಿಸಬೇಕು. ಹಾಗೆಯೇ ಕಿತ್ತೆಳೆದರೆ ಗೋಡೆಯೂ ಚೂರುಚೂರಾಗಿ ಬರುತ್ತದೆ. ಬಳಿಕ ಬೆಳೆದ ಗೋಡೆಯನ್ನು ಇಕ್ಕಳದಿಂದ ಕತ್ತರಿಸಿ, ಅರದಿಂದ ಸಮಗೊಳಿಸಬೇಕು. ತಳವನ್ನು ಹೆಬ್ಬೆರಳಿಗೆ ಬಗ್ಗುವಷ್ಟು ತೆಳುವಾಗಿ ಕೆತ್ತಬಾರದು. ನಡುವಿನ ಮೆತ್ತೆಯನ್ನು ಕೊಳೆತ ಚೂರುಗಳನ್ನು ತೆಗೆಯುವುದಕ್ಕಿಂತ ಹೆಚ್ಚಾಗಿ ಮುಟ್ಟಬಾರದು. ಅದು ‘ಅಂದವಾಗಿ’ ಕಾಣಲೆಂದು ಕೆತ್ತುವುದು ಅನರ್ಥಕ್ಕೆ ಆಹ್ವಾನ.

ಲಾಳವನ್ನು ಗೊರಸಿನ ಮೇಲಿಟ್ಟು ಬೆಳಕಿಗೆ ಹಿಡಿದಾಗ ಎಲ್ಲಿಯೂ ಸಂದು ಕಾಣಬಾರದು. ಅದರ ತೋಳುಗಳು ಹಿಮ್ಮಡಿಯ ಕೊನೆಯವರೆಗೆ ಮುಟ್ಟಿ, ಹಿಂದೆ ತುಸು ಅಗಲಕ್ಕೆ ಎಡೆಗೊಟ್ಟಿರಬೇಕು. ಸಾಮಾನ್ಯವಾಗಿ 6ರಿಂದ 8 ಮೊಳೆಗಳು ಸಾಕು. ಗೊರಸಿನ ಅತ್ಯಂತ ಅಗಲವಾದ ಸ್ಥಳವನ್ನು ದಾಟಿ ಹಿಂದಕ್ಕೆ ಮೊಳೆ ಬಡಿಯಬಾರದು. ಮೊಳೆಯ ತುದಿಯಲ್ಲಿ ಒಂದು ಕಡೆ ಇಳಿಜಾರಾಗಿ ತೀಡಿರುತ್ತದೆ. ಆ ಕಡೆಯನ್ನು ಒಳಮುಖವಾಗಿಟ್ಟು ಬಡಿದರೆ ಮೊಳೆ ಹೊರಕ್ಕೆ ಬಾಗುತ್ತ ಬರುತ್ತದೆ, ತಿರುಗುಮುರುಗಾದರೆ ಮಾಂಸದೊಳಕ್ಕೆ ನುಗ್ಗುತ್ತದೆ. ಗೋಡೆಯ ಎತ್ತರದ ಮೂರರಲ್ಲಿ ಒಂದು ಭಾಗದಲ್ಲಿ, ಒಂದೇ ಸಾಲಿನಲ್ಲಿ ಮೊಳೆಗಳು ಹೊರಬಂದಿರುವುದು ಒಳ್ಳೆಯ ಕೆಲಸದ ಗುರುತು. ಕೊನೆಗೆ ಕುದುರೆಯನ್ನು ನಡೆಸಿ ನೋಡಿದ ಮೇಲೆಯೇ ಹಣ ಕೊಡುವ ಪದ್ಧತಿ ಇಬ್ಬರಿಗೂ ಕ್ಷೇಮ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಬೆಳೆದ ಕುದುರೆಯ ಹುಟ್ಟು ವಕ್ರವಾದ ಕಾಲನ್ನು ಒಂದೇ ಸಲಕ್ಕೆ ಕೆತ್ತಿ ನೆಟ್ಟಗೆ ಮಾಡಹೋಗಬಾರದು. ಅದರ ಸಂಧಿಗಳು ಆ ವಕ್ರತೆಗೆ ಹೊಂದಿಕೊಂಡಿರುತ್ತವೆ. ಹಠಾತ್ತಾದ ಬದಲಾವಣೆ ಹೊಸ ನೋವನ್ನು ಹುಟ್ಟಿಸುತ್ತದೆ. ಉದ್ದವಾದ ಮುಂತುದಿಯನ್ನು ಕೂಡ ಎರಡು ಮೂರು ಸರದಿಗಳಲ್ಲಿ ಕ್ರಮೇಣ ಹಿಂದಕ್ಕೆ ತರುವುದೇ ಯುಕ್ತ.

ಎತ್ತಿನ ಗೊರಸಿನ ವಿಶೇಷ

ಎತ್ತಿನ ಗೊರಸು ಎರಡಾಗಿ ಸೀಳಿದುದು. ಹೆಜ್ಜೆಯೂರಿದಾಗ ಎರಡು ಹೋಳುಗಳೂ ಅಗಲುತ್ತವೆ. ಆದುದರಿಂದಲೇ ಪ್ರತಿ ಪಾದಕ್ಕೂ ಎರಡು ಬೇರೆ ಬೇರೆ ತಗಡಿನಂಥ ಲಾಳಗಳು, ನಾಲ್ಕು ಕಾಲಿಗೆ ಒಟ್ಟು ಎಂಟು. ಎತ್ತಿನ ಗೋಡೆ ಕುದುರೆಯದಕ್ಕಿಂತ ತೆಳುವಾದುದರಿಂದ ಮೊಳೆಗಳೂ ಚಿಕ್ಕವು, ತೆಳ್ಳನೆಯವು. ಅವನ್ನು ಹೊರಮಗ್ಗುಲಿನ ಗೋಡೆಗೆ ಮಾತ್ರ ಬಡಿಯಬೇಕು, ಸೀಳಿನ ಕಡೆಯ ಒಳಗೋಡೆಗೆ ಅಲ್ಲ. ಮುಂಗಾಲಿನಲ್ಲಿ ಒಳಹೋಳಿನ ಮೇಲೂ ಹಿಂಗಾಲಿನಲ್ಲಿ ಹೊರಹೋಳಿನ ಮೇಲೂ ಭಾರ ಅಧಿಕವಾಗಿ ಬೀಳುವುದರಿಂದ ಅವು ಜೊತೆಯ ಹೋಳಿಗಿಂತ ಹೆಚ್ಚು ಬೆಳೆದು ಎತ್ತರವಾಗುತ್ತವೆ. ಎರಡನ್ನೂ ಒಂದೇ ಮಟ್ಟಕ್ಕೆ ತಾರದೆ ಲಾಳ ಬಡಿದರೆ ಎತ್ತು ಹಿಂಗಾಲುಗಳನ್ನು ಹೊರಕ್ಕೆ ತಿರುಗಿಸಿ, ಮೊಣಕಾಲ ಹಿಂಭಾಗಗಳು ಒಂದಕ್ಕೊಂದು ಸಮೀಪಿಸುವಂತೆ ನಡೆಯುತ್ತದೆ.

ಎತ್ತನ್ನು ಹಗ್ಗದಿಂದ ಕೆಡವಿ, ನಾಲ್ಕು ಕಾಲುಗಳನ್ನೂ ಕೂಡಿ ಕಟ್ಟಿ, ಕವಲುಗೋಲಿಗೆ ಆನಿಸಿ ಲಾಳ ಬಡಿಯುವುದು ನಮ್ಮಲ್ಲಿಯ ಪದ್ಧತಿ. ಕೆಡವುವ ನೆಲ ಕಲ್ಲಿಲ್ಲದ ಮೆದು ನೆಲವಾಗಿರಲಿ. ಕೋಡಿನ ಮತ್ತು ಕಣ್ಣಿನ ಕೆಳಗೆ ಗೋಣಿಚೀಲವಿರಲಿ. ಹೊಟ್ಟೆ ತುಂಬ ಮೇಯಿಸಿ ತಂದ ಎತ್ತನ್ನು ಕೆಡವಬಾರದು. ಬಹಳ ಹೊತ್ತು ಮಲಗಿಸಿದರೆ ಹೊಟ್ಟೆಯಲ್ಲಿ ಅನಿಲ ತುಂಬಿ ಪ್ರಾಣಕ್ಕೆ ಅಪಾಯವಾದೀತು. ಆದುದರಿಂದ ಸಾಮಗ್ರಿಗಳೆಲ್ಲವನ್ನೂ ಸಿದ್ಧಮಾಡಿಕೊಂಡ ಮೇಲೆಯೇ ಹಗ್ಗಕ್ಕೆ ಕೈಹಾಕುವುದು ವಿವೇಕ.

ನೆಲ ಮತ್ತು ಋತು

ಗದಗ ಜಿಲ್ಲೆಯ ನೆಲ ಒಂದೇ ಬಗೆಯದಲ್ಲ. ಎರೆಯ ಭೂಮಿಯಲ್ಲಿ ಬೇಸಾಯಕ್ಕಷ್ಟೇ ದುಡಿಯುವ ಎತ್ತಿಗೆ ಲಾಳದ ಅಗತ್ಯ ಅನೇಕ ವೇಳೆ ಬೀಳುವುದಿಲ್ಲ; ಆದರೆ ಮೆತ್ತನೆಯ ಮಣ್ಣಿನಲ್ಲಿ ಗೊರಸು ಸವೆಯದೆ ಬೆಳೆಯುವುದರಿಂದ ಕೆತ್ತಿಸುವ ಅಗತ್ಯವಂತೂ ತಪ್ಪದು. ಲಾಳವಿಲ್ಲವೆಂದು ನಾಲಬಂದನನ್ನೇ ಮರೆತರೆ ಗೊರಸು ಮುಂದಕ್ಕೆ ಚಾಚಿ ಕತ್ತರಿಯಂತಾಗುತ್ತದೆ. ಇದಕ್ಕೆ ವಿರುದ್ಧವಾಗಿ ಮುಂಡರಗಿ-ಶಿರಹಟ್ಟಿಗಳ ಕಡೆಯ ಮಸಾರಿ ನೆಲದಲ್ಲಿಯೂ, ಕಪ್ಪತಗುಡ್ಡದ ಅಡಿಯ ಕಲ್ಲುಹಾದಿಗಳಲ್ಲಿಯೂ, ಡಾಂಬರು ರಸ್ತೆಯಲ್ಲಿಯೂ ದುಡಿಯುವ ಪ್ರಾಣಿಯ ಗೊರಸು ಬೆಳೆಯುವುದಕ್ಕಿಂತ ಬೇಗ ಸವೆಯುತ್ತದೆ. ಲಾಳವಿಲ್ಲದೆ ಅದಕ್ಕೆ ಗತಿಯಿಲ್ಲ.

ಮುಂಗಾರಿನಲ್ಲಿ ಎರೆಯ ಕೆಸರು ಲಾಳದ ಒಳಗೆ ಗಡ್ಡೆಗಟ್ಟಿ ನಿಲ್ಲುತ್ತದೆ, ಗೊರಸು ನೆನೆದು ಮೆದುವಾಗಿ ಮೊಳೆಗಳು ಸಡಿಲವಾಗುತ್ತವೆ. ಸಗಣಿ-ಗಂಜಲಗಳಲ್ಲಿ ಸದಾ ನಿಲ್ಲುವ ಕುದುರೆಯ ಮೆತ್ತೆಯ ಸಂದುಗಳಲ್ಲಿ ಕಪ್ಪಗೆ ಕೊಳೆತು ದುರ್ನಾತ ಹೊಡೆಯುವ ರೋಗ ಹತ್ತುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರುಕುಗಳು ಬೀಳುತ್ತವೆ. ದಿನಕ್ಕೊಮ್ಮೆ ನಾಲ್ಕು ಪಾದಗಳನ್ನೂ ಎತ್ತಿ, ಮೊಂಡು ಮೊಳೆಯಿಂದ ಕೆಸರು-ಕಲ್ಲುಗಳನ್ನು ತೆಗೆದು, ಲಾಳ ಅಲುಗುತ್ತಿದೆಯೆ ಎಂದು ನೋಡುವುದು ಕೆಲವೇ ನಿಮಿಷಗಳ ಕೆಲಸ. ಕೊಟ್ಟಿಗೆಯ ನೆಲವನ್ನು ಒಣಗಿಸಿಡುವುದು ಅದಕ್ಕಿಂತ ದೊಡ್ಡ ಔಷಧ.

ವೈದ್ಯರನ್ನು ಕರೆಯಬೇಕಾದ ಸಂದರ್ಭಗಳು

ಲಾಳ ಕಟ್ಟಿದ ಕೆಲವು ದಿನಗಳಲ್ಲಿ ಕುದುರೆ ಹಠಾತ್ತಾಗಿ ಕಾಲೂರಲಾರದಷ್ಟು ಕುಂಟಿದರೆ, ಮುಟ್ಟಿದಾಗ ಗೊರಸು ಬಿಸಿಯಾಗಿದ್ದರೆ, ಒಳಗೆ ಕೀವು ತುಂಬಿರುವ ಸಂಭವವೇ ಅಧಿಕ. ಲಾಳ ತೆಗೆಸಿ, ಕೀವಿಗೆ ದಾರಿ ಮಾಡಿಸುವುದು ವೈದ್ಯರ ಕೆಲಸ. ಗೊರಸಿನ ಚುಚ್ಚುಗಾಯ ಎಷ್ಟೇ ಕಿರಿದಾಗಿರಲಿ, ಧನುರ್ವಾಯುವಿನ ಚುಚ್ಚುಮದ್ದನ್ನು ಮರೆಯಬಾರದು. ಸಾಕುಪ್ರಾಣಿಗಳಲ್ಲಿ ಕುದುರೆಯಷ್ಟು ಸುಲಭವಾಗಿ ಆ ರೋಗಕ್ಕೆ ತುತ್ತಾಗುವುದು ಬೇರೊಂದಿಲ್ಲ. ಜೋಳವನ್ನೋ ಕಡಲೆಯನ್ನೋ ವಿಪರೀತ ತಿಂದ ಕುದುರೆ ಎರಡು ಮುಂಗಾಲುಗಳನ್ನೂ ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ, ನಡೆಯಲೊಲ್ಲದೆ ನಿಂತರೆ ಅದು ಲಾಳದ ದೋಷವಲ್ಲ. ಗೊರಸಿನೊಳಗಿನ ಪದರಗಳ ಉರಿಯೂತ. ಅದನ್ನು ಬಲವಂತದಿಂದ ನಡೆಸದೆ, ಗೊರಸುಗಳಿಗೆ ತಣ್ಣೀರು ಸುರಿಯುತ್ತ, ಆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಸಂಚಾರಿ ಪಶುಚಿಕಿತ್ಸೆಗಾಗಿ 1962 ಎಂಬ ಉಚಿತ ದೂರವಾಣಿ ಸಂಖ್ಯೆಯಿದೆ. ಗದಗಿನಲ್ಲಿಯೇ ಪಶುವೈದ್ಯಕೀಯ ಮಹಾವಿದ್ಯಾಲಯವೂ ಇದೆ.

ಕುಂಟುವ ಪ್ರಾಣಿಯಿಂದ ದುಡಿಮೆ ಮಾಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. 1965ರ ನಿಯಮಗಳು ತಟ್ಟುವಿನ ಬೆನ್ನಿಗೆ 70 ಕಿಲೋ, ಕತ್ತೆಯ ಬೆನ್ನಿಗೆ 50 ಕಿಲೋ ಹೊರೆಯ ಮಿತಿಯನ್ನು ವಿಧಿಸಿವೆ. ದಿನಕ್ಕೆ ಒಟ್ಟು 9 ಗಂಟೆಗಿಂತ ಅಧಿಕವಾಗಿಯೂ, ವಿಶ್ರಾಂತಿಯಿಲ್ಲದೆ ಒಂದೇ ಸಮನೆ 5 ಗಂಟೆಗಿಂತ ಅಧಿಕವಾಗಿಯೂ ದುಡಿಸಬಾರದೆನ್ನುತ್ತವೆ. ಹೊರೆ ಮಿತಿಮೀರಿದಲ್ಲಿ ಎಷ್ಟೇ ನಿಪುಣವಾಗಿ ಕಟ್ಟಿದ ಲಾಳವೂ ಕಾಲನ್ನು ಕಾಪಾಡಲಾರದು.

ಲಾಳ ಕಟ್ಟಿಸಿದ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತುಮಾಡಿ, ಅಲ್ಲಿಂದ ಆರನೆಯ ವಾರಕ್ಕೆ ಇನ್ನೊಂದು ಗುರುತು ಹಾಕಿಬಿಡಿ. ಆ ದಿನ ಲಾಳ ಸವೆದಿರಲಿ, ಸವೆಯದಿರಲಿ, ಕುದುರೆಯನ್ನು ನಾಲಬಂದನ ಮುಂದೆ ನಿಲ್ಲಿಸಿ. ಗೊರಸನ್ನು ಕೆತ್ತುವ ಶ್ರಮಕ್ಕೆ ಬೇರೆಯಾಗಿಯೇ ಕೂಲಿ ಕೊಡಿ. ಕೇವಲ ಲಾಳಕ್ಕೆ ಹಣ ಕೊಡುವ ಯಜಮಾನನಿಗೆ ಲಾಳವಷ್ಟೇ ದೊರೆಯುತ್ತದೆ. ಪ್ರಾಣಿಗೆ ಬೇಕಾಗಿರುವುದು ಅದಕ್ಕೂ ಮೊದಲಿನ ಕೆಲಸ.